ನೀಲಿ ಹಡಗಿಗೆ ಎರಡು ಅಂಕ

"ಹೇಗಿದೆ ಮೇಡಂ ಸೂಪು?"

ಅವಳು ತಲೆಯೆತ್ತಿದಳು. ಬಿಳಿ ಕೋಟು ತೊಟ್ಟ ಅಡುಗೆಯವನೊಬ್ಬ ಮೇಜಿನ ಪಕ್ಕದಲ್ಲೇ ನಿಂತಿದ್ದ. ಹಡಗಿನ ಅಡುಗೆಮನೆಯವರು ಊಟದ ಹಾಲ್‌ಗೆ ಬಂದು ಪ್ರಯಾಣಿಕರನ್ನು ಮಾತಾಡಿಸುವುದು ವಾಡಿಕೆಯಲ್ಲ. ಅದೂ ಮಧ್ಯಾಹ್ನ, ಆರುನೂರು ಜನ ಊಟಕ್ಕೆ ಮುಗಿಬಿದ್ದಿರುವ ಹೊತ್ತಿನಲ್ಲಿ!

"ಚೆನ್ನಾಗಿದೆ," ಎಂದಳು. "ಹದವಾಗಿದೆ. ಉಪ್ಪು, ಖಾರ ಎಲ್ಲಾ ಸರಿಯಾಗಿದೆ."

"ಇನ್ನೊಂದು ಚಮಚ ಕುಡಿದು ಹೇಳಿ."

ಕುಡಿದಳು. "ಹೇಳಿದೆನಲ್ಲ... ತುಂಬಾ ಚೆನ್ನಾಗಿದೆ."

ಅವನು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಬಗ್ಗಿ, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿದ.

"ನಿಮ್ಮ ಬಟ್ಟಲಿಗೆ ಒಂದು ಹಿಡಿ ಉಪ್ಪು ಹಾಕಿ ಕಳಿಸಿದ್ದೆ ಮೇಡಂ. ನಾಯಿಗಿಟ್ಟರೂ ಮೂಸಿ ನೋಡಿ ಹೋಗ್ತಿತ್ತು."

ಅವಳ ಕೈಯಲ್ಲಿದ್ದ ಚಮಚ ತಟ್ಟೆಯ ಮೇಲೆ ಬಿತ್ತು. ಪಕ್ಕದ ಮೇಜಿನ ಅಜ್ಜಿ ತಿರುಗಿ ನೋಡಿದರು.

'ಮುಗೀತು... ಹತ್ತು ತಿಂಗಳಿಂದ ಮುಚ್ಚಿಟ್ಟಿದ್ದು ಮುಗೀತು!'

ಅವಳಿಗೆ ರುಚಿಯೇ ತಿಳಿಯುತ್ತಿರಲಿಲ್ಲ. ಹತ್ತು ತಿಂಗಳ ಹಿಂದೆ ಬಂದ ಒಂದು ಜ್ವರ ವಾಸನೆ, ರುಚಿ ಎರಡನ್ನೂ ಗುಡಿಸಿ ತೆಗೆದುಕೊಂಡು ಹೋಗಿತ್ತು. ಬೇರೆಯವರಿಗಾದರೆ ಅದೊಂದು ಸಂಕಟ, ಅಷ್ಟೇ. ಇವಳಿಗೆ ಅದು ಅನ್ನದ ಪ್ರಶ್ನೆ. ಇವಳ ಉದ್ಯೋಗವೇ ತಿಂದು ಅಂಕ ಕೊಡುವುದು!

ಒಂದು ಪ್ರವಾಸ ಪತ್ರಿಕೆಗಾಗಿ ಅವಳು ಪ್ರವಾಸಿ ಹಡಗುಗಳನ್ನು ಹತ್ತಿ ಇಳಿಯಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು. ವರ್ಷಕ್ಕೆ ಮೂರು ಕಂಪನಿಗಳ ಮೂರು ಹಡಗು. ಊಟಕ್ಕೆ ಹತ್ತು ಅಂಕ, ಮನರಂಜನೆಗೆ ಹತ್ತು, ಹಡಗಿನ ಮೇಲಿನ ಅನುಭವಕ್ಕೆ ಹತ್ತು. ಒಂದೊಂದು ಹಡಗಿನ ಅಂಕ ಒಂದೊಂದು ಸಂಚಿಕೆಯಲ್ಲಿ. ವರ್ಷದ ಕೊನೆಗೆ ಮೂರನ್ನೂ ಅಕ್ಕಪಕ್ಕ ನಿಲ್ಲಿಸಿ ಹೋಲಿಕೆ. ಈ ವರ್ಷ ಬಿಳಿ ಹಡಗು ಮುಗಿದಿತ್ತು, ನೀಲಿ ಹಡಗು ಮುಗಿದಿತ್ತು. ಈಗ ಕುಳಿತಿದ್ದುದು ಮೂರನೆಯದರಲ್ಲಿ, ಕೆಂಪು ಹಡಗಿನಲ್ಲಿ. ಸಾಮಾನ್ಯ ಪ್ರಯಾಣಿಕಳ ಹಾಗೆ ಬರುತ್ತಿದ್ದಳು, ಅವಳು ಯಾರೆಂದು ಯಾರಿಗೂ ಗೊತ್ತಾಗಬಾರದು.

ಇವನಿಗೆ ಹೇಗೆ ಗೊತ್ತಾಯಿತು?

"ನಾಲ್ಕು ಗಂಟೆಗೆ ನನಗೆ ಬಿಡುವು," ಎಂದ ಅವನು ಬಟ್ಟಲು ಎತ್ತಿಕೊಳ್ಳುತ್ತಾ. "ಹಿಂದಿನ ಡೆಕ್ಕಿಗೆ ಬನ್ನಿ. ಬರದಿದ್ರೆ ನಾನೇ ಕ್ಯಾಪ್ಟನ್ ಹತ್ರ ಹೋಗ್ತೀನಿ."

* * *

ಕಾಲು ಗಂಟೆ ಮುಂಚೆಯೇ ಹೋಗಿ ಕಂಬಿ ಹಿಡಿದು ನಿಂತಳು. ಎರಡು ಬಾಟಲಿ ನೀರು ಕುಡಿದರೂ ದಾಹ ಹೋಗಿರಲಿಲ್ಲ. ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ!

ಅವನು ಬಂದ. ಕೋಟು ಕಳಚಿದ್ದ. ಮೂವತ್ತೈದು ದಾಟಿರಬೇಕು. ಮೊಣಕೈಯವರೆಗೂ ಎಣ್ಣೆ ಸಿಡಿದ ಹಳೆಯ ಕಲೆಗಳು. ಮಧ್ಯಾಹ್ನದ ಸಿಟ್ಟು ಮುಖದಲ್ಲಿ ಅರ್ಧಕ್ಕರ್ಧ ಇಳಿದಿತ್ತು.

"ಎಷ್ಟು ದಿನದಿಂದ ಹೀಗೆ?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದಳು. ಆದರೆ ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬರು ಕೇಳಿದ್ದರು. ಅಳು ಒತ್ತರಿಸಿಕೊಂಡು ಬಂತು.

"ಜ್ವರ ಬಂದಾಗಿನಿಂದ... ಕಾಫಿ ಕುಡಿದರೆ ಬಿಸಿನೀರು. ಹಣ್ಣು ಕಚ್ಚಿದರೆ ಒದ್ದೆ ಹತ್ತಿ. ರುಚಿ ವಾಪಸ್ ಬರಬಹುದು ಅಂದ್ರು ಡಾಕ್ಟರು, ಬರದೇನೂ ಇರಬಹುದು ಅಂದ್ರು. ಈ ಕೆಲಸ ಬಿಟ್ಟು ನನಗೆ ಇನ್ನೇನೂ ಬರಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ..."

ಅವನು ಜೇಬಿನಿಂದ ಕರವಸ್ತ್ರ ತೆಗೆದು ಅವಳ ಮುಂದೆ ಹಿಡಿದ.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಂದ. "ಲಂಚ ತಿಂದು ಅಂಕ ಕೊಡೋ ಪೈಕಿ, ಊಟ ಬಾಯಿಗೂ ಇಡಲ್ಲ ಅಂದ್ಕೊಂಡಿದ್ದೆ. ಪರೀಕ್ಷೆ ಮಾಡೋಣ ಅಂತ ಉಪ್ಪು ಹಾಕಿದ್ದು."

"ನಾನು ಯಾರು ಅಂತ ನಿಮಗೆ ಹೇಗೆ..."

"ಅದು ಬಿಡಿ." ಅವನು ಮಾತು ತಿರುಗಿಸಿದ. "ಇನ್ನು ಆರು ದಿನ ಇದೆ. ನಾನು ತಿಂದು ಹೇಳ್ತೀನಿ, ನೀವು ಬರ್ಕೊಳ್ಳಿ."

"ನಿಮ್ಮ ಹಡಗಿನ ಅಡುಗೆ ನೀವೇ ಚೆನ್ನಾಗಿದೆ ಅಂತೀರಲ್ಲ! ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ!"

ಅವನು ನಗಲಿಲ್ಲ. "ರುಚಿ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ. ಹಾಗೆ ಬೆಳೆಸಿದ್ದಾರೆ."

* * *

ನಿಜಕ್ಕೂ ಸುಳ್ಳು ಹೇಳಲಿಲ್ಲ ಕಣ್ರೀ! ತನ್ನ ಹಡಗಿನ ಮಾನವನ್ನು ಹರಾಜಿಗಿಟ್ಟವನಂತೆ ಹೇಳಿದ. ದಿನಾ ನಾಲ್ಕು ಗಂಟೆಗೆ ಒಂದು ಮುಚ್ಚಿದ ಡಬ್ಬಿಯಲ್ಲಿ ಆ ದಿನದ ಅಡುಗೆಗಳನ್ನು ಚೂರುಚೂರು ತರುತ್ತಿದ್ದ.

"ಈ ಮೀನು ನಿನ್ನೇದು. ನಿಂಬೆಹುಳಿ ಹಿಂಡಿ ಮುಚ್ಚಿದ್ದಾರೆ. ನಾಲ್ಕು ಕೊಡಿ."

"ಈ ರೊಟ್ಟಿ?"

"ಇದಕ್ಕೆ ಒಂಬತ್ತು. ಮೊದಲು ಹೊಗೆ ಬರುತ್ತೆ, ಆಮೇಲೆ ಸಿಹಿ. ಬೆಣ್ಣೆ ಕೊನೇಲಿ ಬಂದು ಗಂಟಲಲ್ಲಿ ಕೂತ್ಕೊಳ್ಳುತ್ತೆ. ನಿಧಾನಕ್ಕೆ ಅಗಿಯಿರಿ, ನಾನು ಹೇಳ್ತಾ ಹೋಗ್ತೀನಿ."

ಅವಳು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ರುಚಿ ಬರುತ್ತಿರಲಿಲ್ಲ. ಆದರೆ ಅವನ ದನಿ ಕೇಳುತ್ತಾ ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಹತ್ತು ತಿಂಗಳಿಂದ ಅದೂ ಆಗಿರಲಿಲ್ಲ.

ಮನರಂಜನೆಗೆ ಅಂಕ ಹಾಕುವಾಗಲೂ ಅವನನ್ನೇ ಕೇಳತೊಡಗಿದಳು. ಕೆಂಪು ಹಡಗಿನ ಜಾದೂಗಾರ ಮಕ್ಕಳ ಮುಂದೆಯೇ ಪಾರಿವಾಳ ಕಳೆದುಕೊಂಡಿದ್ದ, ಅದು ಎರಡು ದಿನವಾದ ಮೇಲೆ ಈಜುಕೊಳದ ಛತ್ರಿಯ ಮೇಲೆ ಸಿಕ್ಕಿತ್ತು.

"ಬಿಳಿ ಹಡಗಲ್ಲಿ ಜಾದೂಗಾರ ಹೇಗಿದ್ದ?"

"ಪಾರಿವಾಳ ವಾಪಸ್ ಬರ್ತಿತ್ತು."

"ಹಾಗಾದ್ರೆ ಬಿಳಿ ಹಡಗಿಗೆ ಒಂದಂಕ ಜಾಸ್ತಿ ಹಾಕಿ," ಎಂದು ಅವನು ಮೊದಲ ಬಾರಿ ನಕ್ಕ.

ಆ ನಗು ನೋಡಿ ಅವಳ ಪೆನ್ನು ನಿಂತೇ ಹೋಯಿತು. 'ಅಯ್ಯೋ ದೇವರೇ, ಈ ವಯಸ್ಸಲ್ಲಿ ಇದೇನು ನನಗೆ!' ಎಂದುಕೊಂಡಳು. ಮಧ್ಯಾಹ್ನವಾದರೆ ಗಡಿಯಾರ ನೋಡುತ್ತಿದ್ದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಕಾಲುಗಳು ಹಿಂದಿನ ಡೆಕ್ಕಿನ ಕಡೆಗೆ ಹೊರಡುತ್ತಿದ್ದವು. ನಾಲ್ಕನೆಯ ದಿನ ಗಾಳಿಗೆ ಅವಳ ಶಾಲು ಹಾರಿದಾಗ ಅವನು ಹಿಡಿದು ಹೆಗಲಿಗೆ ಹೊದಿಸಿದ. ಕೈ ತೆಗೆಯುವುದನ್ನು ಮರೆತ. ಅವಳೂ ನೆನಪಿಸಲಿಲ್ಲ.

* * *

ಐದನೆಯ ದಿನ ಅವಳೇ ತನ್ನ ಗುಟ್ಟನ್ನೆಲ್ಲ ಬಿಚ್ಚಿಟ್ಟಳು. ಪ್ರೀತಿಸಿದವರ ಮುಂದೆ ಏನೂ ಉಳಿಸಿಕೊಳ್ಳಬಾರದು ಎಂಬ ಹುಚ್ಚು ಆಸೆ, ನೋಡಿ!

"ರುಚಿ ಇಲ್ದೆ ಅಂಕ ಹೇಗೆ ಹಾಕ್ತಿದ್ದೆ ಗೊತ್ತಾ? ಅಡುಗೆಮನೆ ಬಾಗಿಲ ಹತ್ತಿರದ ಮೇಜು ಕೇಳಿ ತಗೊಳ್ತಿದ್ದೆ. ವಾಪಸ್ ಹೋಗೋ ತಟ್ಟೆ ಎಣಿಸ್ತಿದ್ದೆ. ತಿನ್ನೋರ ಮುಖ ಸುಳ್ಳು ಹೇಳಬಹುದು, ತಟ್ಟೆ ಹೇಳಲ್ಲ ಅಲ್ವಾ? ಖಾಲಿ ಬಂದರೆ ಎಂಟು, ಒಂಬತ್ತು. ಅರ್ಧ ಬಂದರೆ ಐದು. ನೀಲಿ ಹಡಗಲ್ಲಿ ಕೊನೇ ದಿನ ಮೀನಿನ ಸೂಪು ಹಾಗೇ ತುಂಬಿಕೊಂಡು ವಾಪಸ್ ಬಂತು, ಒಂದೊಂದು ಬಟ್ಟಲೂ! ಅದಕ್ಕೆ ಎರಡು ಕೊಟ್ಟೆ."

ಅವನು ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ಕೈ ನಿಂತಿತು.

"ಆ ದಿನ ಸಮುದ್ರ ಹೇಗಿತ್ತು?"

"ಸಮುದ್ರನಾ? ಹೇಗಿತ್ತು ಅಂದ್ರೆ... ಎಂದಿನ ಹಾಗೇ."

"ಎಂದಿನ ಹಾಗಾ?" ಅವನು ಡಬ್ಬಿ ಕೆಳಗಿಟ್ಟ. "ಹಡಗು ತೊಟ್ಟಿಲ ಹಾಗೆ ತೂಗ್ತಿತ್ತು ಮೇಡಂ! ಊಟದ ಹಾಲ್‌ನಲ್ಲಿ ಒಬ್ಬರಿಗೂ ತುತ್ತು ಇಳೀಲಿಲ್ಲ. ಅರ್ಧ ಜನ ಹೊರಗೆ ಓಡಿಹೋಗಿ ವಾಂತಿ ಮಾಡ್ಕೊಳ್ತಿದ್ರು. ಒಲೆ ಮೇಲಿನ ಪಾತ್ರೆ ಜಾರಬಾರದು ಅಂತ ನಾವು ಹಗ್ಗದಲ್ಲಿ ಕಟ್ಟಿದ್ವಿ. ನಿಮಗೆ ಗೊತ್ತಾಗ್ಲೇ ಇಲ್ವಾ?"

ಗೊತ್ತಾಗಿರಲಿಲ್ಲ. ಹನ್ನೆರಡು ವರ್ಷ ಹಡಗಿನಲ್ಲೇ ಕಳೆದ ಕಾಲುಗಳಿಗೆ ಆ ತೂಗಾಟ ಲೆಕ್ಕಕ್ಕೇ ಬಂದಿರಲಿಲ್ಲ. ಜನ ಬೇಗ ಎದ್ದು ಹೋಗುತ್ತಿದ್ದುದು ಕಂಡಿತ್ತು. ಸೂಪಿಗೆ ಹೇಸಿ ಹೋಗುತ್ತಿದ್ದಾರೆ ಎಂದುಕೊಂಡು ಬರೆದುಕೊಂಡಿದ್ದಳು.

"ನಾವು... ಅಂದ್ರೆ? ನೀವೂ ಅಲ್ಲಿದ್ರಾ?"

"ಆ ಸೂಪು ಮಾಡಿದ್ದು ನನ್ನ ಅಣ್ಣ. ನಾನು ಅವನ ಕೈಕೆಳಗಿದ್ದೆ. ಬಾಗಿಲ ಗಾಜಿನಿಂದ ನಿಮ್ಮನ್ನ ನೋಡಿದ್ದೆ, ತಟ್ಟೆ ನೋಡೋದು, ಬರೆಯೋದು. ಆಮೇಲೆ ಪತ್ರಿಕೇಲಿ ಬಂತು. 'ಈ ಅಡುಗೆಯವನಿಗೆ ರುಚಿಯೇ ಗೊತ್ತಿಲ್ಲ' ಅಂತ. ಅದು ನಿಮ್ಮದೇ ವಾಕ್ಯ ಅಲ್ವಾ?"

ಅವಳದೇ ವಾಕ್ಯ. ಬರೆದಾಗ ಚುರುಕಾಗಿದೆ ಎಂದು ಖುಷಿಪಟ್ಟಿದ್ದಳು ಕೂಡ.

"ಮೂವತ್ತೊಂದು ವರ್ಷ ಹಡಗಿನ ಒಲೆ ಮುಂದೆ ನಿಂತವನು. ವಾರದಲ್ಲಿ ಕೆಲಸದಿಂದ ತೆಗೆದ್ರು, ನಾನೂ ಬಿಟ್ಟು ಈ ಹಡಗಿಗೆ ಬಂದೆ. ಬೇರೆ ಹಡಗಿನೋರು ಆ ಪತ್ರಿಕೆ ತೋರಿಸಿ ವಾಪಸ್ ಕಳಿಸಿದ್ರು. ಮನೇಲಿ ಅತ್ತಿಗೆ ಬಡಿಸಿದ್ರೆ, ಉಪ್ಪು ಸರಿ ಇದೆಯಾ ಅಂತ ಅವಳನ್ನೇ ಕೇಳೋನು. ತನ್ನ ನಾಲಿಗೆ ಮೇಲೆ ತನಗೇ ನಂಬಿಕೆ ಹೋಗಿತ್ತು. ಆಮೇಲೆ ತಿನ್ನೋದೇ ಬಿಟ್ಟ. ಐದನೇ ತಿಂಗಳು ಹೋಗಿಬಿಟ್ಟ."

"ಇಲ್ಲ..." ಅವಳು ಕಂಬಿಗೆ ಒರಗಿದಳು.

"ಅವನ ನಾಲಿಗೆ ಸರಿಯಾಗೇ ಇತ್ತು ಮೇಡಂ. ಹಾಳಾಗಿದ್ದು ನಿಮ್ಮದು."

"ಹಾಗಾದ್ರೆ ಈ ಐದು ದಿನ... ಡಬ್ಬಿ, ಶಾಲು, ಎಲ್ಲಾ ಸೇಡಿಗಾ? ನನ್ನ ಬಾಯಿಂದಲೇ ಹೇಳಿಸೋಕಾ?"

ಅವನು ಡಬ್ಬಿ ಅಲ್ಲೇ ಬಿಟ್ಟು ಹೊರಟುಹೋದ.

* * *

ಉಳಿದ ಎರಡು ದಿನ ಅವಳು ಬಾಗಿಲು ಬಡಿಯುವುದನ್ನೇ ಕಾದಳು. ಈಗ ಕ್ಯಾಪ್ಟನ್ ಕರೆಸುತ್ತಾನೆ, ಈಗ ಪತ್ರಿಕೆಯಿಂದ ಫೋನು ಬರುತ್ತದೆ... ಯಾರೂ ಬರಲಿಲ್ಲ. ಬಂದರಿಗೆ ಹಡಗು ತಲುಪಿದ ದಿನ ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳಿದಳು. ಕೆಲಸ ಬಿಟ್ಟು ಬೆಳಗ್ಗೆಯೇ ಇಳಿದು ಹೋದ ಎಂದರು.

ಅವನು ಯಾರಿಗೂ ಹೇಳಿರಲಿಲ್ಲ. ಅವಳು ಸುಮ್ಮನಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

ಸುಮ್ಮನಿರಲು ಆಗಲಿಲ್ಲ.

ವರ್ಷದ ಹೋಲಿಕೆಯ ಲೇಖನವನ್ನು ಮೇಜಿನ ಮೇಲಿಟ್ಟಾಗ ಸಂಪಾದಕಿ ಓದಿ ಕನ್ನಡಕ ತೆಗೆದರು.

"ತಲೆ ಕೆಟ್ಟಿದೆಯಾ ನಿನಗೆ? ಮೂರು ಹಡಗಿನ ಊಟದ ಅಂಕವನ್ನೂ ಹೊಡೆದು ಹಾಕಿದ್ದೀಯ! ನನಗೆ ರುಚಿ ತಿಳಿಯುವುದಿಲ್ಲ ಅಂತ ನೀನೇ ಬರೆದ್ರೆ ನಾಳೆಯಿಂದ ನಿನ್ನನ್ನ ಯಾವ ಪತ್ರಿಕೆಯವರು ಹತ್ತಿರ ಸೇರಿಸ್ತಾರೆ?"

"ಯಾರೂ ಸೇರಿಸಲ್ಲ ಮೇಡಂ."

"ಮೂಲೇಲಿ ಸಣ್ಣದಾಗಿ ಒಂದು ತಿದ್ದುಪಡಿ ಹಾಕೋಣ. ನಿನ್ನ ವಿಷಯ ಬೇಡ."

"ಎರಡು ಅಂಕ ದೊಡ್ಡದಾಗೇ ಹಾಕಿದ್ವಲ್ಲ. ಇದೂ ಅಷ್ಟೇ ದೊಡ್ಡದಾಗಿ ಬರಲಿ."

ಸಂಪಾದಕಿ ಲೇಖನವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸತ್ತವನು ಎದ್ದು ಬರಲ್ಲ ಕಣೇ."

"ಗೊತ್ತು," ಎಂದಳು. ಅಲ್ಲಿಯವರೆಗೆ ತಡೆದುಕೊಂಡ ಅಳು ಆಗ ಬಂತು. ಸಂಪಾದಕಿ ಎದ್ದು ಬಂದು ತಲೆ ಸವರಿದರು. ಲೇಖನ ಇದ್ದ ಹಾಗೆಯೇ ಅಚ್ಚಾಯಿತು. ಅದೇ ಅವಳ ಕೊನೆಯ ಲೇಖನವೂ ಆಯಿತು.

* * *

ನೀಲಿ ಹಡಗಿನ ಕಚೇರಿಯಿಂದ ಅವನ ಅಣ್ಣನ ಮನೆಯ ವಿಳಾಸ ಪಡೆದು ಪತ್ರಿಕೆ ಹಿಡಿದು ಹೋದಳು. ಬಂದರಿನ ಹಿಂದೆ, ಮೂರನೆಯ ಮಹಡಿಯಲ್ಲಿ, ಎರಡು ಕೋಣೆಯ ಮನೆ. ಬಾಗಿಲು ತೆರೆದದ್ದು ಅತ್ತಿಗೆ. ಆಕೆಯ ಹಿಂದೆ, ಸ್ಟೂಲಿನ ಮೇಲೆ ಕುಳಿತು ತರಕಾರಿ ಹೆಚ್ಚುತ್ತಿದ್ದವನು ಅವನು. ಅವಳನ್ನು ಕಂಡು ಎದ್ದು ನಿಂತ.

"ಯಾರಮ್ಮ?" ಎಂದರು ಅತ್ತಿಗೆ.

"ಎರಡು ಅಂಕ ಕೊಟ್ಟವಳು ನಾನೇ."

ಅತ್ತಿಗೆಯ ಕೈ ಬಾಗಿಲ ಮೇಲೆ ಬಿಗಿಯಾಯಿತು. ಮುಖಕ್ಕೆ ಬಾಗಿಲು ಹಾಕುತ್ತಾರೆ ಎಂದುಕೊಂಡಳು. ಹಾಕಿದ್ದರೆ ಅದಕ್ಕೂ ತಾನು ಅರ್ಹಳೇ.

"ಒಳಗೆ ಬಾ," ಎಂದರು ಆಕೆ. "ಏನು ಬರೆದಿದ್ದೀಯೋ ಅವರ ಮುಂದೆ ಓದು. ಅವತ್ತಿನದನ್ನ ಅವರು ನೂರು ಸಲ ಓದಿದ್ರು. ಇದನ್ನೂ ಕೇಳಿಸ್ಕೊಳ್ಳಲಿ."

ಗೋಡೆಯ ಮೇಲೆ ಅಣ್ಣನ ಫೋಟೊ ಇತ್ತು. ದಪ್ಪ ಮೀಸೆಯ, ಸಂಕೋಚದ ಮುಖ. ಅವಳು ನಿಂತುಕೊಂಡು ಓದಿದಳು. ಜ್ವರ, ತಟ್ಟೆಗಳು, ತೂಗುತ್ತಿದ್ದ ಹಡಗು, ತನ್ನ ಸುಳ್ಳು, ಎಲ್ಲವನ್ನೂ ಓದಿದಳು. "ಆ ಸೂಪಿನ ರುಚಿ ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆ ಒಬ್ಬ ಒಳ್ಳೆಯ ಅಡುಗೆಯವನ ಬಾಯಿಂದ ತುತ್ತು ಕಿತ್ತುಕೊಂಡೆ," ಎಂಬಲ್ಲಿಗೆ ದನಿ ಒಡೆಯಿತು. ಆದರೂ ನಿಲ್ಲಿಸದೆ ಕೊನೆಯವರೆಗೂ ಓದಿದಳು.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡರು.

"ಕ್ಷಮಿಸಿದ್ದೀನಿ ಅಂದ್ಕೋಬೇಡ. ನನ್ನ ಕೈಲಿ ಆಗಲ್ಲ."

"ಕೇಳೋಕೆ ಬಂದಿಲ್ಲ ಅಕ್ಕ."

"ಆ ಪತ್ರಿಕೆ ಇಲ್ಲೇ ಬಿಟ್ಟು ಹೋಗು," ಎಂದು ಆಕೆ ಒಳಗೆ ಹೋದರು.

ಅವಳು ಮೆಟ್ಟಿಲಿಳಿದಳು. ಬೀದಿಗೆ ಬರುವಷ್ಟರಲ್ಲಿ ಹಿಂದೆ ಹೆಜ್ಜೆ ಸದ್ದು ಕೇಳಿತು.

"ಕ್ಯಾಪ್ಟನ್ ಬಾಗಿಲವರೆಗೂ ಹೋಗಿದ್ದೆ," ಎಂದ ಅವನು, ಉಸಿರು ಹಿಡಿದುಕೊಳ್ಳುತ್ತಾ. "ತಟ್ಟೋಕೆ ಕೈ ಎತ್ತಿದೆ, ಆಗಲಿಲ್ಲ. ಅಣ್ಣನಿಗೆ ದ್ರೋಹ ಮಾಡಿದೆ ಅನ್ನಿಸ್ತು. ಅದಕ್ಕೇ ಕೆಲಸ ಬಿಟ್ಟು ಓಡಿಬಂದೆ. ಸೇಡಿಗಾ ಅಂತ ಕೇಳಿದ್ಯಲ್ಲ... ಮೊದಲನೇ ದಿನ ಹೌದು. ಆಮೇಲೆ ಅಲ್ಲ. ಆಮೇಲೆ ಬರೀ ನಾಲ್ಕು ಗಂಟೆ ಆಗೋದನ್ನೇ ಕಾಯ್ತಿದ್ದೆ."

ಅವನು ತನ್ನನ್ನು 'ನೀನು' ಎಂದದ್ದು ಆಗ ಅವಳ ಗಮನಕ್ಕೆ ಬಂತು.

"ಈಗ ಏನು ಮಾಡ್ತೀಯ?" ಎಂದ.

"ಗೊತ್ತಿಲ್ಲ. ಕೆಲಸ ಇಲ್ಲ, ರುಚಿ ಇಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೇನೂ ಇಲ್ಲ... ಆದ್ರೂ ಹೇಳ್ತಿದ್ದೀನಿ ನೋಡಿ." ಕಣ್ಣೀರಿನ ನಡುವೆ ತಲೆತಗ್ಗಿಸಿದಳು. "ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗುತ್ತೆ?"

"ಹೋಗುತ್ತೋ ಇಲ್ವೋ ನನಗೂ ಗೊತ್ತಿಲ್ಲ." ಅವನು ಅವಳ ಕೈ ಹಿಡಿದುಕೊಂಡ. ತರಕಾರಿ ಹೆಚ್ಚಿದ ಆ ಕೈ ಇನ್ನೂ ಒದ್ದೆಯಾಗಿತ್ತು. "ನೀನು ಮಾತ್ರ ಹೋಗ್ಬೇಡ."

"ಹೋಗಲ್ಲ," ಎಂದಳು ಅವಳು.