ಕೋಟಿನ ಭುಜ

ಮೂವತ್ತು ವರ್ಷದಿಂದ ಕುದುರೆಗಳಿಗೆ ಲಾಳ ಹೊಡೆಯುವವನು ನಾನು. ಅವುಗಳ ಸಿಟ್ಟು ಮೊದಲು ಕಿವಿಯಲ್ಲಿ ಕಾಣುತ್ತದೆ. ಅದನ್ನು ಗಮನಿಸದೆ ನಾನೇ ಎರಡು ಹಲ್ಲು ಕಳೆದುಕೊಂಡಿದ್ದೇನೆ.

ಆ ಮಧ್ಯಾಹ್ನ ಲಾಯವೊಂದರಲ್ಲಿ ನಾನು ಲಾಳ ಹೊಡೆಯುತ್ತಿದ್ದ ಕಂದು ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿ, ನನ್ನನ್ನು ಬಿಟ್ಟು, ಎದುರಿನ ಖಾಲಿ ಜಾಗಕ್ಕೆ ಬಾಯಿ ಹಾಕಿತು. ಹಲ್ಲಿಗೆ ಹಲ್ಲು ತಾಗಿದ ಸದ್ದು ಬರಲಿಲ್ಲ, ನಡುವೆ ಏನೋ ಸಿಕ್ಕಂತೆ.

“ಅಪ್ಪ ಅಲ್ಲೇ ನಿಂತು ಚಾಟೀಲಿ ಹೊಡೀತಿದ್ರು,” ಎಂದಳು ಲಾಯದ ಒಡತಿ. “ಅವರು ತೀರಿಹೋಗಿ ಮೂರು ತಿಂಗಳಾಯ್ತು. ಇದರ ಸಿಟ್ಟು ಇಳಿದಿಲ್ಲ.”

“ಅಭ್ಯಾಸ, ತಂಗಿ. ಹೋಗುತ್ತೆ ಬಿಡು.”

ಅವಳು ಅಪ್ಪನ ಕೋಣೆಯ ಬೀಗ ತೆಗೆದಳು. ಮೊಳೆಗೆ ನೇತುಹಾಕಿದ್ದ ಅವರ ಕೋಟಿನ ಭುಜ ಹರಿದಿತ್ತು. ಮುಟ್ಟಿದೆ. ಹರಿದಲ್ಲಿ ಅಂಟಿದ್ದ ಕುದುರೆಯ ಜೊಲ್ಲು ಇನ್ನೂ ಬೆಚ್ಚಗಿತ್ತು.

“ಮೊನ್ನೆ ಮೊಣಕೈ ಹತ್ರ ಹರಿದಿತ್ತು, ಇವತ್ತು ಭುಜ,” ಎಂದು ಅವಳು ಕೋಟಿನ ಕುತ್ತಿಗೆಯ ಗುಂಡಿಯನ್ನು ಬಿಗಿಯಾಗಿ ಹಾಕಿದಳು.