ಏಳನೇ ಘಟಕ ಎಲ್ಲಿ?

ಮಗಳು ಬಾಗಿಲಲ್ಲಿ ನಿಂತಿದ್ದಳು.

ಗಡಿಯಾರ ರಿಪೇರಿಯವನ ಬಲಗೈಗೆ ಸೂಜಿ ಚುಚ್ಚಿದ್ದರು. ಕೊಳವೆಯಲ್ಲಿ ಔಷಧಿ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಎದ್ದು ಹೋಗೋಣವೆಂದರೆ ಹೋಗುವಂತಿಲ್ಲ, ಮುಖ ಮುಚ್ಚಿಕೊಳ್ಳೋಣವೆಂದರೆ ಬಿಡುವಾಗಿರುವುದು ಒಂದೇ ಕೈ.

"ಇದನ್ನ ಮನೇಲೇ ಮರೆತು ಬಂದಿದ್ರಿ" ಎಂದು ಮಗಳು ಅವನ ಫೋನನ್ನು ಮಡಿಲಲ್ಲಿಟ್ಟಳು. ಆಮೇಲೆ ತುಂಬು ಹೊಟ್ಟೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

ಅವಳಿಗೆ ಹೆರಿಗೆಯಾಗುವ ತನಕ ಕ್ಯಾನ್ಸರ್ ಸುದ್ದಿ ಕಿವಿಗೆ ಬೀಳಬಾರದು — ಅದೊಂದನ್ನೇ ಅವನು ಆಸ್ಪತ್ರೆಯವರಲ್ಲಿ ಕೈಮುಗಿದು ಕೇಳಿಕೊಂಡಿದ್ದ. "ಮೊದಲನೆಯದು ಕೈಗೆ ಸಿಗಲಿಲ್ಲ ಸಿಸ್ಟರ್. ಇದಾದರೂ ನೆಟ್ಟಗೆ ಭೂಮಿಗೆ ಬರಲಿ."

ಹಾಗೆ ಅವನು ಹೇಳಿಕೊಂಡದ್ದು ಗಂಟೆ ಸಿಸ್ಟರ್ ಹತ್ತಿರ. ಆಕೆಯ ಬಾಯಿ ದೊಡ್ಡದು. ಇಲ್ಲಿ ಕೂಗಿದರೆ ಔಷಧಿ ಅಂಗಡಿಯವನು ಅಲ್ಲಿ ತಿರುಗಿ ನೋಡುತ್ತಿದ್ದ. ಅದಕ್ಕೇ ಆ ಹೆಸರು. ಸಾಲದ್ದಕ್ಕೆ, ರಿಪೇರಿಯವನ ಮನೆ ಇದ್ದ ಬೀದಿಯಲ್ಲೇ ಆಕೆಯ ಮನೆ. ಹಿಂದಿನ ಸಂಜೆ ಆಕೆ ಅವನ ಮನೆಯ ಗೇಟಿನ ಮುಂದೆ ನಿಂತು ಮಗಳ ಜೊತೆ ನಗುನಗುತ್ತಾ ಮಾತಾಡಿದ್ದನ್ನು ಕಂಡವರಿದ್ದರು.

"ಯಾರಮ್ಮ ನಿನಗೆ ಹೇಳಿದ್ದು?" ಎಂದು ಡಾಕ್ಟರು ಕೇಳಿದರೆ ಮಗಳು "ಯಾರೋ" ಎಂದಳು. ಅಷ್ಟೇ.

ಇನ್ನೇನು ಬೇಕು? ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು.

ಆಸ್ಪತ್ರೆಯ ರೋಗಿಗಳ ಗುಟ್ಟು ಕಾಯುವ ಕೆಲಸವನ್ನು ಆಡಳಿತಾಧಿಕಾರಿ ಹೊರಗಿನ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಯಾರ ದಾಖಲೆ ಯಾರು ನೋಡಿದರು, ನಿಯಮದಂತೆ ನಡೆಯಿತೇ — ಎಲ್ಲ ಅವರೇ ನೋಡಿಕೊಳ್ಳುವುದು. ಕೂರುವುದು ಬೇರೆ ಊರಲ್ಲಿ. ಅವರಲ್ಲೊಬ್ಬರೂ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಕೇಳಿದ್ದಕ್ಕೆ ಅವರು ಹೇಳಿ ಕಳಿಸಿದರು: ನಮ್ಮ ಕಡೆಯಿಂದ ಏನೂ ಸೋರಿಲ್ಲ, ನಿಮ್ಮ ಸಿಬ್ಬಂದಿಯನ್ನೇ ವಿಚಾರಿಸಿ.

ಸಿಸ್ಟರ್‌ಗೆ ಕೆಲಸ ಹೋಗುವ ಭಯ ಇತ್ತು, ನಿಜ. ಆದರೆ ಹೆಚ್ಚು ನೋವಾದದ್ದು ಬೇರೆಯದಕ್ಕೆ. ದಿನವೂ ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದ ಮೂಲೆ ಮಂಚದ ಮುದುಕಿ ಅವತ್ತು ಆಕೆಯನ್ನು ಕಂಡು ಗೋಡೆ ಕಡೆ ಹೊರಳಿ ಮಲಗಿದಳು.

ವಿಚಾರಣೆಗೆ ಆಡಳಿತಾಧಿಕಾರಿ ಕರೆಸಿದ್ದು ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಇನ್ಸ್‌ಪೆಕ್ಟರಮ್ಮನನ್ನು. ಮಂಡಿನೋವಿನ ಹೆಂಗಸು. ಗೇಟು ದಾಟುವಷ್ಟರಲ್ಲೇ ಸಾಕಾಗಿ ಕಾವಲುಗಾರನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರನ್ನು ಒಳಗೆ ಕರೆತರಲು ಹೋಗಿದ್ದ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದಳು.

"ಆ ಹುಡುಗಿ ಬಂದಾಗ ನೀನೇ ಇದ್ಯೇನಪ್ಪ?"

"ನಾನೇ ಮೇಡಂ. 'ಏಳನೇ ಘಟಕ ಎಲ್ಲಿ' ಅಂದ್ಲು. ಏಳನೇದಂತೆ! ಏಳು ಮಹಡಿ ಎಲ್ಲಿಂದ ಬರ್ಬೇಕು, ನಮ್ಮಲ್ಲಿರೋ ಲಿಫ್ಟ್ ಒಂದು, ಅದೂ ಕೆಟ್ಟು ನಿಂತಿದೆ. ನಾನು ಹೊಟ್ಟೆ ನೋಡಿ ಹೆರಿಗೆ ವಾರ್ಡಿಗೆ ಕಳಿಸಿದೆ."

ಸಿಸ್ಟರ್‌ಗೆ ಆ ದುಃಖದಲ್ಲೂ ನಗು ಬಂತು. ಇನ್ಸ್‌ಪೆಕ್ಟರಮ್ಮ ನಗಲಿಲ್ಲ.

"ಆಮೇಲೆ?"

"ಆಮೇಲೇನು, ಎಲ್ಲಾ ಕಡೆ ಸುತ್ತಿ ಸುತ್ತಿ ಅವಳೇ ಹಿಂದಿನ ಕಟ್ಟಡ ಹುಡುಕಿಕೊಂಡ್ಲು, ಪಾಪ."

ಇನ್ಸ್‌ಪೆಕ್ಟರಮ್ಮ ಸಿಸ್ಟರ್ ಕಡೆ ತಿರುಗಿದರು. "ನೀನು ಹೇಳಿದ್ಯಾ?"

"ಇಲ್ಲ ಮೇಡಂ."

"ಅವರ ಮನೆ ಗೇಟಿನ ಹತ್ರ ನಗ್ತಿದ್ರಂತೆ?"

"ಮಗೂಗೆ ಹೆಸರು ಹುಡುಕ್ತಿದ್ವಿ. ನಾನು ಹೇಳಿದ ಹೆಸರೆಲ್ಲ ಅಜ್ಜಿ ಕಾಲದ್ದು ಅಂತ ನಗಾಡಿದ್ಲು."

"ಹೂಂ. ನಡಿ, ನಿಮ್ಮ ಸಾಹೇಬರ ಹತ್ರ. ಆ ಹುಡುಗಿಗೂ ಬರೋಕೆ ಹೇಳು."

ಆಡಳಿತಾಧಿಕಾರಿಯ ಕೋಣೆಗೆ ಮಗಳೂ ಬಂದು ಕುಳಿತ ಮೇಲೆ ಇನ್ಸ್‌ಪೆಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ನಿಮ್ಮ ಆಸ್ಪತ್ರೆಯಲ್ಲಿ ಏಳನೇ ಘಟಕ ಎಲ್ಲಿದೆ?"

ಸಾಹೇಬರು ಕಣ್ಣು ಕಣ್ಣು ಬಿಟ್ಟರು. "ಹಾಗಂತ ಯಾವುದೂ ಇಲ್ವಲ್ಲ... ತಾಳಿ. ಕಂಪನಿಯವರು ತಮ್ಮ ಅನುಕೂಲಕ್ಕೆ ವಿಭಾಗಗಳಿಗೆಲ್ಲ ನಂಬರ್ ಹಾಕಿಕೊಂಡಿದ್ದಾರೆ. ಕ್ಯಾನ್ಸರ್ ವಿಭಾಗ ಏಳನೇದಿರಬೇಕು."

"ಆ ನಂಬರ್ ಇಲ್ಲಿ ಯಾರಿಗೆ ಗೊತ್ತು?"

"ಇಲ್ಲಿ ಯಾರಿಗೆ? ಅದು ಅವರ ಕಂಪ್ಯೂಟರಿನಲ್ಲಿ ಮಾತ್ರ..." ಇನ್ಸ್‌ಪೆಕ್ಟರಮ್ಮ ಅವರ ಮಾತು ತಡೆದರು.

"ರೋಗದ ಹೆಸರೆತ್ತಬಾರದು ಅಂತ ಇಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸೋರ ತನಕ ಎಲ್ಲರೂ 'ಹಿಂದಿನ ಕಟ್ಟಡ' ಅಂತಾರೆ. ಸಿಸ್ಟರ್ ಹೇಳಿದ್ದರೆ ಹುಡುಗಿ ಅದನ್ನೇ ಕೇಳ್ತಿದ್ಲು, ನೆಟ್ಟಗೆ ಹೋಗ್ತಿದ್ಲು. ಅವಳಿಗೆ ಹೇಳಿದವರಿಗೆ ಆಸ್ಪತ್ರೆಯ ದಾರಿಯೇ ಗೊತ್ತಿಲ್ಲ. ಹೇಳಿದ್ದು ಹೇಗೆ? ಅವತ್ತು ಅಪ್ಪನ ಫೋನ್ ಯಾರ ಕೈಲಿತ್ತಮ್ಮ?"

"ನನ್ನ ಕೈಲಿ" ಎಂದಳು ಮಗಳು.

"ಯಾರಾದರೂ ದಾಖಲೆ ತೆರೆದರೆ, 'ನಿಮಗೆ ಗೊತ್ತಿದ್ದೇ ತೆರೆದದ್ದಾ' ಅಂತ ರೋಗಿಗೆ ಫೋನ್ ಮಾಡೋದು ಕಂಪನಿಯ ನಿಯಮ" ಎಂದರು ಸಾಹೇಬರು, ಮೆಲ್ಲಗೆ.

"ಗುಟ್ಟು ಭದ್ರವಾಗಿದೆ ಅಂತ ಹೇಳೋಕೆ ಮಾಡಿದ ಫೋನೇ ಗುಟ್ಟು ಹೇಳಿಬಿಡ್ತು. ಹೌದೇನಮ್ಮ?"

"ಒಬ್ರು ಹೆಂಗಸು ಮೇಡಂ" ಎಂದಳು ಮಗಳು. "ಏಳನೇ ಘಟಕದ ಚಿಕಿತ್ಸೆ ಅಂದ್ರು. ಯಾವ ಚಿಕಿತ್ಸೆ, ನಮ್ಮಪ್ಪನಿಗೆ ಏನಾಗಿದೆ ಅಂತ ನಾನು ಅಳೋಕೆ ಶುರು ಮಾಡಿದೆ. ಅವರು ಫೋನ್ ಇಟ್ಟುಬಿಡಬಹುದಿತ್ತು. ಇಡಲಿಲ್ಲ. 'ಹೆದರಬೇಡ ತಂಗಿ, ಕ್ಯಾನ್ಸರ್ ವಾಸಿಯಾದವರು ಬೇಕಾದಷ್ಟು ಜನ ಇದ್ದಾರೆ' ಅಂದ್ರು. ಬಾಯಿಂದ ಏನು ಬಂತು ಅಂತ ಆಮೇಲೆ ಹೊಳೀತೇನೋ, ಅವರೇ ಅಳೋಕೆ ಶುರು ಮಾಡಿದ್ರು. ಕೆಲಸ ಹೋಗುತ್ತೆ, ಯಾರಿಗೂ ಹೇಳಬೇಡ ಅಂದ್ರು. ಮಾತು ಕೊಟ್ಟೆ."

"ಅದಕ್ಕೆ ಈ ಅಕ್ಕನ ತಲೆ ಮೇಲೆ ಗೂಬೆ ಕೂರಿಸಿದ್ಯಾ?"

"ಅಕ್ಕನ ಮೇಲೆ ಬಂದಿದೆಯಾ?" ಮಗಳು ಬೆಚ್ಚಿಬಿದ್ದಳು. "ಅಕ್ಕಾ, ದಿನಾ ಬಂದು ನನ್ನ ಕಾಲು ಒತ್ತಿ ಹೋಗ್ತೀಯ, ಒಂದು ಮಾತೂ ಹೇಳಲಿಲ್ವಲ್ಲೇ!"

"ಬಸುರಿ ಹತ್ರ ಅದನ್ನೆಲ್ಲ ಹೇಳ್ತಾರೇನೇ?" ಎಂದಳು ಗಂಟೆ ಸಿಸ್ಟರ್. ಆ ಧ್ವನಿ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

ಸಾಹೇಬರು ಫೋನಿಗೆ ಕೈ ಹಾಕಿದರು. "ಈಗಲೇ ಆ ಹೆಂಗಸನ್ನ ಕೆಲಸದಿಂದ ತೆಗೆಸ್ತೀನಿ."

"ತಪ್ಪು ಅವಳದ್ದೇ" ಎಂದರು ಇನ್ಸ್‌ಪೆಕ್ಟರಮ್ಮ. "ಆದರೆ ಅವಳಿಗೆ ಕಾಯೋಕೆ ಸಿಕ್ಕಿದ್ದು ಬರೀ ನಂಬರ್, ರೋಗಿಗಳ ಮುಖ ಯಾರೂ ತೋರಿಸಲಿಲ್ಲ. ಅತ್ತ ಕಡೆ ಮನುಷ್ಯರಿದ್ದಾರೆ ಅಂತ ಅವಳಿಗೆ ಗೊತ್ತಾಗಿದ್ದು ಈ ಹುಡುಗಿ ಅತ್ತಾಗಲೇ."

"ತೆಗೀಬೇಡಿ ಸಾರ್!" ಸಿಸ್ಟರ್ ಗಂಟಲು ಮತ್ತೆ ಮೊದಲಿನಂತಾಗಿತ್ತು, ಹೊರಗಿನ ಬೆಂಚಿನವರು ಎದ್ದು ನಿಂತರು. "ಅವಳನ್ನ ಇಲ್ಲಿಗೆ ಕರೆಸಿ. ಗೇಟಲ್ಲಿ ಬಂದು ಏಳನೇ ಘಟಕ ಎಲ್ಲಿ ಅಂತ ಕೇಳಲಿ. ನಾನೇ ಹೋಗಿ ಕೈ ಹಿಡ್ಕೊಂಡು ಹಿಂದಿನ ಕಟ್ಟಡಕ್ಕೆ ಕರ್ಕೊಂಡು ಬರ್ತೀನಿ."