ಹಿಂದಿನ ಬೆಂಚಿನ ಚಹಾ

೧೯೯೮ರಲ್ಲಿ ಅಕ್ಕನಿಗೆ ವಿಚ್ಛೇದನ ಸಿಕ್ಕಿತು. ಭಾವನದೇನೂ ಮನೆಯಲ್ಲಿ ಉಳಿಯಬಾರದೆಂದು ಅವಳ ಹಟ. ನಿಶ್ಚಿತಾರ್ಥದ ಉಂಗುರ, ಮದುವೆಯ ಉಂಗುರ ಎರಡನ್ನೂ ಮಾರಲು ನಾವಿಬ್ಬರೇ ಹರಿಹರಕ್ಕೆ ಹೋದೆವು. ಭಾವ ಆ ಬೆಳಿಗ್ಗೆ ದಾವಣಗೆರೆಯ ಮಿಲ್ಲಿನಲ್ಲಿ ಪಾಳಿಯಲ್ಲಿದ್ದ. ಅದನ್ನು ಆಮೇಲೆ ನಾನೇ ವಿಚಾರಿಸಿ ತಿಳಿದುಕೊಂಡೆ.

ಅಕ್ಕಸಾಲಿ ಮೌನೇಶಾಚಾರಿ ಮೂರು ಚಹಾ ತರಿಸಿ, ಒಂದನ್ನು ನಮ್ಮ ಹಿಂದಿನ ಖಾಲಿ ಬೆಂಚಿನ ಮೇಲಿಟ್ಟ. ಬೆಂಕಿಕಡ್ಡಿ ಗೀರಿದ ವಾಸನೆ ಬಂತು. ಅಗ್ಗಿಷ್ಟಿಕೆ ಆಗಲೇ ಉರಿಯುತ್ತಿತ್ತು.

ಮಾರುವವರ ಬಾಯಿಂದ ಒಪ್ಪಿಗೆ ಕೇಳದೆ ಅವನು ಒಡವೆ ಕರಗಿಸುತ್ತಿರಲಿಲ್ಲ.

"ಕರಗಿಸ್ಲೇನವ್ವಾ?"

"ಹೂಂ," ಅಂದಳು ಅಕ್ಕ.

ಅವನು ನಮ್ಮ ಬೆನ್ನ ಹಿಂದೆ ನೋಡಿದ. "ಯಜಮಾನ್ರು ಬ್ಯಾಡ ಅಂತಾರಲ್ಲ. ಇಬ್ರೂ ಮೊದ್ಲು ಮಾತಾಡ್ಕೊಳ್ರಿ."

ಹಿಂದೆ ಯಾರೂ ಇರಲಿಲ್ಲ. ಬೆಂಚು ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

"ನನಗ ಯಜಮಾನ್ರು ಇಲ್ರಿ," ಅಕ್ಕ ತಿರುಗದೆ ಹೇಳಿದಳು. "ಕರಗಿಸ್ರಿ."

ಉಂಗುರಗಳು ಕರಗಿ ಒಂದೇ ಗುಂಡಾದವು. ಹೊರಡಲು ಎದ್ದಾಗ ಹಿಂದಿನ ಲೋಟ ಖಾಲಿಯಾಗಿತ್ತು. ತಳದಲ್ಲಿ ಸುಟ್ಟ ಬೆಂಕಿಕಡ್ಡಿಯೊಂದು ಬಿದ್ದಿತ್ತು. ಬೀಡಿ ಹಚ್ಚಿ, ಚಹಾ ಕುಡಿದ ಲೋಟಕ್ಕೆ ಕಡ್ಡಿ ಹಾಕುವುದು ಭಾವನ ಚಾಳಿ.

ಅಕ್ಕ ಭಾವನ ಮನೆಯಲ್ಲಿ ದಿನಾ ಮಾಡುತ್ತಿದ್ದ ಹಾಗೆ ಎರಡು ಬೆರಳಿನಿಂದ ಕಡ್ಡಿ ತೆಗೆದು ಬೀದಿಗೆ ಎಸೆದು, ಸೆರಗಿಗೆ ಕೈ ಒರೆಸಿಕೊಂಡಳು.